ಸೋಮನಾಥದಿಂದ ನೇರ ದಕ್ಷಿಣಕ್ಕೆ: ಕೆರ್ಗೆಲೆನ್ ದ್ವೀಪಗಳ ದಿನಚರಿ

ಭಾನುವಾರ, ರಿಯೂನಿಯನ್

ಅಂಟಾರ್ಕ್ಟಿಕಾದ ದಾರಿಯಲ್ಲಿರುವ, ಫ್ರಾನ್ಸಿಗೆ ಸೇರಿದ ಕೆರ್ಗೆಲೆನ್ ದ್ವೀಪಸಮೂಹದಲ್ಲಿ ವಿಮಾನ ಇಳಿಯಲು ಜಾಗವಿಲ್ಲ. ಅಲ್ಲಿಗೆ ಹೋಗಬೇಕೆನ್ನುವವರು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಬಂದು, ವರ್ಷದಲ್ಲಿ ಕೆಲವೇ ಸಲ ಹೊರಡುವ ‘ಮರಿಯೋನ್ ದ್ಯುಫ್ರೆನ್’ ಎಂಬ ಫ್ರೆಂಚ್ ಹಡಗನ್ನು ಹತ್ತಬೇಕು. 120 ಮೀಟರ್ ಉದ್ದದ ಈ ಹಡಗು ವರ್ಷದ ಒಂದು ಭಾಗ ಸಾಗರ ಸಂಶೋಧನೆಗೆ ಹೋಗುತ್ತದೆ. ಉಳಿದ ಭಾಗದಲ್ಲಿ ಫ್ರಾನ್ಸಿನ ದಕ್ಷಿಣದ ದ್ವೀಪಗಳಿಗೆ ಡೀಸೆಲ್, ದಿನಸಿ, ಅಂಚೆ ಮತ್ತು ಮನುಷ್ಯರನ್ನು ಮುಟ್ಟಿಸುತ್ತದೆ. ಇದು ಪ್ರವಾಸಿ ಹಡಗಲ್ಲ. ಕ್ಯಾಬಿನ್ನುಗಳು ಉಳಿದರೆ ಬೆರಳೆಣಿಕೆಯಷ್ಟು ಪ್ರವಾಸಿಗರನ್ನೂ ಹತ್ತಿಸಿಕೊಳ್ಳುತ್ತಾರೆ. ಹಾಗೆ ಸೀಟು ಸಿಕ್ಕವರಲ್ಲಿ ನಾನೂ ಒಬ್ಬ.

ಹತ್ತುವ ಮೊದಲೇ ದ್ವೀಪಗಳ ಕಾನೂನು ಶುರುವಾಗುತ್ತದೆ. ಬೂಟು, ಜಾಕೆಟ್ಟು, ಕ್ಯಾಮೆರಾ ಚೀಲ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಜೇಬುಗಳ ಒಳಮೂಲೆಗೂ ವ್ಯಾಕ್ಯೂಮ್ ಕ್ಲೀನರ್‌ನ ಮೂತಿ ತೂರಿಸಿ, ಬೂಟಿನ ಅಡಿಯ ಗೆರೆಗಳನ್ನು ಬ್ರಷ್‌ನಿಂದ ಉಜ್ಜುತ್ತಾರೆ. ನನ್ನ ಚೀಲದ ವೆಲ್ಕ್ರೋ ಪಟ್ಟಿಯನ್ನು ಬಿಡಿಸಿ ನೋಡುತ್ತಿದ್ದ ಹುಡುಗಿ ಚಿಮಟದಲ್ಲಿ ಏನನ್ನೋ ಎತ್ತಿ ಬಿಳಿ ಕಾಗದದ ಮೇಲಿಟ್ಟಳು. ಉತ್ತರಾಣಿಯ ಎರಡು ಬೀಜ. ಪಶ್ಚಿಮ ಘಟ್ಟದ ಯಾವುದೋ ಕಾಲುದಾರಿಯಲ್ಲಿ ಅಂಟಿಕೊಂಡು ನನ್ನೊಂದಿಗೆ ಸಾಗರ ದಾಟಿ ಬಂದಿದ್ದವು. ಅವಳು ಅವುಗಳನ್ನು ಪುಟ್ಟ ಕವರಿಗೆ ಹಾಕಿ ಮುಚ್ಚಿ, ಪಟ್ಟಿಯನ್ನು ಇನ್ನೊಮ್ಮೆ ಬಾಚಿ ನೋಡಿದಳು. ಇಷ್ಟೊಂದು ನಿಷ್ಠುರ ಯಾಕೆಂಬುದು ಮುಂದಿನ ದಿನಗಳಲ್ಲಿ ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತ ಹೋಯಿತು.

ಸೋಮವಾರದಿಂದ ಗುರುವಾರ, ಸಮುದ್ರ

ರಿಯೂನಿಯನ್‌ನಿಂದ ಕೆರ್ಗೆಲೆನ್‌ಗೆ ಸುಮಾರು 3,400 ಕಿಲೋಮೀಟರ್. ಮೊದಲೆರಡು ದಿನ ನೀಲಿ ನೀರು, ಹಾರುಮೀನು, ಬರಿಗಾಲಲ್ಲಿ ಡೆಕ್ಕಿನ ಮೇಲೆ ಓಡಾಟ. ನಲವತ್ತು ಡಿಗ್ರಿ ಅಕ್ಷಾಂಶ ದಾಟುತ್ತಿದ್ದಂತೆ ಆಕಾಶ ಕೆಳಗಿಳಿದು ನೀರು ಸೀಸದ ಬಣ್ಣಕ್ಕೆ ತಿರುಗಿತು. ಈ ಅಕ್ಷಾಂಶಗಳಲ್ಲಿ ಭೂಮಿಯ ಸುತ್ತ ಗಾಳಿಗೆ ಅಡ್ಡಬರುವ ನೆಲ ಬಹಳ ಕಡಿಮೆ. ಪಶ್ಚಿಮದಿಂದ ಬೀಸುವ ಗಾಳಿ ಅಲೆಗಳನ್ನು ಸಾವಿರಾರು ಕಿಲೋಮೀಟರ್ ಅಟ್ಟಿಕೊಂಡು ಬರುತ್ತದೆ. ಊಟದ ಮೇಜಿಗೆ ತಟ್ಟೆ ಜಾರದಂತೆ ಒದ್ದೆ ಬಟ್ಟೆ ಹಾಸಿದರು. ಮಡಗಾಸ್ಕರ್ ಮೂಲದ ಬಡಿಸುವಾತ ಸೂಪಿನ ಪಾತ್ರೆ ಹಿಡಿದು, ಹಡಗು ವಾಲಿದ ಕಡೆಗೆ ತಾನು ವಾಲದೆ ನಡೆಯುವುದನ್ನು ನೋಡುವುದೇ ನಮಗೆ ಹೊತ್ತು ಕಳೆಯುವ ದಾರಿಯಾಯಿತು.

ಹಡಗಿನ ಗ್ರಂಥಾಲಯದಲ್ಲಿ ಕೂತು ಈ ದ್ವೀಪಗಳ ಮೊದಲ ಅಧ್ಯಾಯವನ್ನು ಓದಿಕೊಂಡೆ. ಅದೊಂದು ಅಚ್ಚರಿಯ ಮೋಸದ ಕಥೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ನೌಕಾಧಿಕಾರಿ ಈವ್-ಜೋಸೆಫ್ ದ ಕೆರ್ಗೆಲೆನ್, ದಕ್ಷಿಣದಲ್ಲಿ ಇದೆಯೆಂದು ಯುರೋಪು ನಂಬಿಕೊಂಡಿದ್ದ ಮಹಾಖಂಡವನ್ನು ಹುಡುಕುತ್ತ, ಎರಡು ಹಡಗುಗಳೊಂದಿಗೆ ಮಾರಿಷಸ್‌ನಿಂದ ಹೊರಟು 1772ರ ಫೆಬ್ರುವರಿ 12ರಂದು ಮಂಜಿನ ನಡುವೆ ಈ ನೆಲವನ್ನು ಕಂಡ. ಮರುದಿನ ಎರಡನೆಯ ಹಡಗಿನ ಬ್ವಾಗೆನಕ್ ಎಂಬ ಅಧಿಕಾರಿ ದೋಣಿಯಲ್ಲಿ ದಡ ಸೇರಿ, ಹದಿನೈದನೆಯ ಲೂಯಿಯ ಹೆಸರಿನಲ್ಲಿ ನೆಲವನ್ನು ವಶಪಡಿಸಿಕೊಂಡ. ಕೆರ್ಗೆಲೆನ್ ಮಾತ್ರ ಇಳಿಯಲಿಲ್ಲ. ಗಾಳಿಗೆ ಹಡಗುಗಳು ಬೇರ್ಪಟ್ಟಾಗ ಜೊತೆಯ ಹಡಗನ್ನು ಅಲ್ಲೇ ಬಿಟ್ಟು ಹಿಂದಿರುಗಿದ; ಆ ಹಡಗಿನ ಕಪ್ತಾನ ಸೇಂಟ್ ಅಲೂವಾರ್ನ್ ಆಸ್ಟ್ರೇಲಿಯಾದ ಪಶ್ಚಿಮ ತೀರದವರೆಗೆ ತೇಲಿಹೋದ. ಪ್ಯಾರಿಸ್ ಸೇರಿದ ಕೆರ್ಗೆಲೆನ್ ತಾನು ಕಾಲಿಡದ ನೆಲಕ್ಕೆ ‘ದಕ್ಷಿಣ ಫ್ರಾನ್ಸ್’ ಎಂದು ಹೆಸರಿಟ್ಟು, ಅಲ್ಲಿ ಬೆಳೆ ಬೆಳೆಯಬಹುದು, ಮರ ಸಿಗಬಹುದು, ಗಣಿಗಳಿರಬಹುದು ಎಂದು ದೊರೆಗೆ ವರದಿ ಒಪ್ಪಿಸಿದ. ದೊರೆ ನಂಬಿದ. ಇನ್ನೂ ದೊಡ್ಡ ಎರಡನೆಯ ಯಾನಕ್ಕೆ ಹಣ ಕೊಟ್ಟ.

ಆ ಎರಡನೆಯ ಯಾನದಲ್ಲಿ, 1774ರ ಜನವರಿಯಲ್ಲಿ, ರೋಶೆಗ್ಯುದ್ ಎಂಬಾತ ಉತ್ತರದ ಒಂದು ಕೊಲ್ಲಿಯಲ್ಲಿ ಇಳಿದು ಲ್ಯಾಟಿನ್ ಬರಹವಿದ್ದ ಚರ್ಮಪತ್ರವನ್ನು ಸೀಸೆಯೊಳಗಿಟ್ಟು ಬಂದ. ಮರವಿಲ್ಲ, ಗಣಿಯಿಲ್ಲ, ಜನರಿಲ್ಲ ಎಂಬ ಸತ್ಯ ಈ ಸಲ ಮುಚ್ಚಿಡಲಾಗದಷ್ಟು ಜನರಿಗೆ ಗೊತ್ತಾಗಿತ್ತು. ಹಡಗಿನಲ್ಲಿ ಒಬ್ಬ ಯುವತಿಯನ್ನು ಗುಟ್ಟಾಗಿ ಕರೆದೊಯ್ದದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ 1775ರಲ್ಲಿ ವಿಚಾರಣೆ ನಡೆದು ಕೆರ್ಗೆಲೆನ್ ಸೋಮ್ಯುರ್ ಕೋಟೆಯ ಸೆರೆ ಸೇರಿದ. ವಿಚಿತ್ರವೆಂದರೆ, ಸುಳ್ಳು ಹೇಳಿದವನ ಹೆಸರೇ ನೆಲಕ್ಕೆ ಉಳಿಯಿತು.

ಶುಕ್ರವಾರ, ಕ್ರೋಜೆ

ನಡುದಾರಿಯ ಕ್ರೋಜೆ ದ್ವೀಪಗಳಲ್ಲಿ ಹಡಗು ಸಾಮಾನು ಇಳಿಸಿತು. ಇದನ್ನು ಕಂಡುಹಿಡಿದದ್ದೂ 1772ರಲ್ಲೇ, ಕೆರ್ಗೆಲೆನ್‌ಗಿಂತ ಕೆಲವೇ ವಾರ ಮೊದಲು. ಕಂಡವನು ನಮ್ಮ ಹಡಗಿಗೆ ಹೆಸರು ಕೊಟ್ಟ ಮರಿಯೋನ್ ದ್ಯುಫ್ರೆನ್. ಇಳಿದವನು ಅವನ ಕೈಕೆಳಗಿನ ಕ್ರೋಜೆ. ಮರಿಯೋನ್ ಅದೇ ವರ್ಷ ನ್ಯೂಜಿಲೆಂಡಿನಲ್ಲಿ ಕೊಲೆಯಾದ. ಮಂಜು ಕವಿದು ಹೆಲಿಕಾಪ್ಟರ್ ಹೆಚ್ಚು ಹಾರಲಿಲ್ಲ. ನಮಗೆ ದಡ ಮುಟ್ಟುವ ಅವಕಾಶ ಸಿಗದೆ ಪೆಂಗ್ವಿನ್‌ಗಳ ಕೂಗನ್ನು ಹಡಗಿನಿಂದಲೇ ಕೇಳಿ ಮುಂದೆ ಸಾಗಿದೆವು.

ಸೋಮವಾರ, ಪೋರ್-ಕ್ರಿಸ್ಮಸ್

ನೆಲ ಕಾಣುವ ಮೊದಲು ತೇಲುವ ಕಡಲಸಸ್ಯ ಕಂಡಿತು, ಉದ್ದನೆಯ ಕಂದು ಪಟ್ಟಿಗಳು. ಆಮೇಲೆ ಹಕ್ಕಿಗಳ ಸಂಖ್ಯೆ ಏರಿತು. ಮೋಡದ ಅಂಚು ಸರಿದಾಗ ಕಪ್ಪು ಬಸಾಲ್ಟ್‌ನ ಮೆಟ್ಟಿಲು ಮೆಟ್ಟಿಲಾದ ಗೋಡೆಗಳು ಎದುರಾದವು. ಲಾವಾ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಪದರಗಳು ಇವು. ಸಹ್ಯಾದ್ರಿಯ ಉತ್ತರ ತುದಿಯನ್ನು ಮಹಾರಾಷ್ಟ್ರದಲ್ಲಿ ನೋಡಿದವರಿಗೆ ಈ ಮೆಟ್ಟಿಲುಗಳ ಪರಿಚಯ ಇದ್ದೇ ಇರುತ್ತದೆ.

ದ್ವೀಪಸಮೂಹದ ಒಟ್ಟು ವಿಸ್ತಾರ 7,215 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಮೈಸೂರು ಜಿಲ್ಲೆಯಷ್ಟು. ಅದರಲ್ಲಿ ಒಂದೇ ದೊಡ್ಡ ದ್ವೀಪ ಸುಮಾರು 6,675 ಚದರ ಕಿಲೋಮೀಟರ್. ಉಳಿದದ್ದೆಲ್ಲ ಸುತ್ತ ಚದುರಿದ ಸುಮಾರು 300 ಚಿಕ್ಕಪುಟ್ಟ ದ್ವೀಪ ಮತ್ತು ಬಂಡೆಗಳು. ಹಿಮನದಿಗಳು ಕೊರೆದ ಕಣಿವೆಗಳಿಗೆ ಸಮುದ್ರ ನುಗ್ಗಿ ಕರಾವಳಿ ಎಷ್ಟು ಹರಿದುಹೋಗಿದೆಯೆಂದರೆ, ದೊಡ್ಡ ದ್ವೀಪದ ಒಳಗೆ ಎಲ್ಲಿ ನಿಂತರೂ ಕಡಲು ಬಹಳ ದೂರವಿರುವುದಿಲ್ಲ.

ಪೋರ್-ಕ್ರಿಸ್ಮಸ್ ವಾಯವ್ಯ ತುದಿಯ ಕೊಲ್ಲಿ. ಅದರ ಬಾಯಿಯಲ್ಲಿ ಒಂದು ಕಾಲಕ್ಕೆ ನೂರು ಮೀಟರಿಗೂ ಎತ್ತರದ ಕಲ್ಲಿನ ಕಮಾನಿತ್ತು. ಫ್ರೆಂಚ್ ನಾವಿಕ ರೈಮೋನ್ ರಾಲಿಯೇ ದ್ಯು ಬಾತಿ 1908ರಲ್ಲಿ ಬಂದಾಗ ಅದು ನಿಂತಿತ್ತು. 1913ರಲ್ಲಿ ಮತ್ತೆ ಬರುವ ಹೊತ್ತಿಗೆ ನೆತ್ತಿ ಕುಸಿದು ಎರಡು ಕಂಬಗಳಷ್ಟೇ ಉಳಿದಿದ್ದವು. ಕುಸಿಯುವುದನ್ನು ಕಂಡವರು ಯಾರೂ ಇಲ್ಲ. ಆ ಕಂಬಗಳ ಪಕ್ಕದಿಂದ ನಮ್ಮ ಹಡಗು ಒಳಬಂದು ಲಂಗರು ಹಾಕಿತು.

ರೋಶೆಗ್ಯುದ್ ಸೀಸೆ ಬಿಟ್ಟುಹೋದ ಕೊಲ್ಲಿ ಇದೇ. ತನ್ನ ಮೂರನೆಯ ಯಾನದಲ್ಲಿ ಜೇಮ್ಸ್ ಕುಕ್ 1776ರ ಕ್ರಿಸ್ಮಸ್ ದಿನ ಇಲ್ಲಿಗೆ ಬಂದಾಗ ಅವನ ನಾವಿಕನೊಬ್ಬನಿಗೆ ಆ ಸೀಸೆ ಸಿಕ್ಕಿತು. ಕುಕ್ ಚರ್ಮಪತ್ರದ ಹಿಂಬದಿಯಲ್ಲಿ ತನ್ನ ಹಡಗುಗಳ ಹೆಸರು ಮತ್ತು ವರ್ಷ ಬರೆದು, 1772ರಲ್ಲಿ ಟಂಕಿಸಿದ ಎರಡು ಪೆನ್ಸಿನ ಬೆಳ್ಳಿ ನಾಣ್ಯವೊಂದನ್ನು ಜೊತೆಗೆ ಹಾಕಿ ಸೀಸೆಯನ್ನು ಅಲ್ಲೇ ಇಟ್ಟ. ದಕ್ಷಿಣ ಫ್ರಾನ್ಸ್ ಎಂದು ಮೆರೆದ ನೆಲವನ್ನು ಅವನು ನಿರ್ಜನ ಬರಡು ದ್ವೀಪ ಎಂದು ಕರೆದ. ಮುಂದೆ ಬಹಳ ಕಾಲ ಇಂಗ್ಲಿಷ್ ಮತ್ತು ಅಮೆರಿಕನ್ ಸೀಲ್ (ಕಡಲನಾಯಿ) ಬೇಟೆಗಾರರ ಬಾಯಲ್ಲಿ ಆ ಹೆಸರೇ ಓಡಾಡಿತು.

ಕುಕ್‌ನ ಹಡಗಿನ ವೈದ್ಯ ವಿಲಿಯಂ ಆಂಡರ್ಸನ್ ಇಲ್ಲಿ ಕಂಡ ಗಿಡವೇ ಕೆರ್ಗೆಲೆನ್ ಕೋಸು. ಇದು ನಮ್ಮ ಸಾಸಿವೆಯ ಕುಟುಂಬದ್ದು. ದಪ್ಪ ಎಲೆ, ಎಲೆ ಮುರಿದರೆ ಘಾಟು, ಹಳೆಯ ನಾವಿಕರ ವಸಡು ಕೊಳೆಸಿ ಕೊಲ್ಲುತ್ತಿದ್ದ ಸ್ಕರ್ವಿ ಕಾಯಿಲೆಯನ್ನು ತಡೆಯುವ ವಿಟಮಿನ್ ಸಿ ಹೇರಳ. ವೈಜ್ಞಾನಿಕ ಹೆಸರಿನಲ್ಲೇ ಸ್ಕರ್ವಿಯ ವೈರಿ ಎಂಬ ಅರ್ಥ ಇದೆ. ಸಾಸಿವೆಯ ಬಂಧುಗಳಲ್ಲಿ ಹೆಚ್ಚಿನವು ಕೀಟಗಳಿಂದ ಪರಾಗಸ್ಪರ್ಶ ಮಾಡಿಸಿಕೊಂಡರೆ ಇದು ಆ ಕೆಲಸವನ್ನು ಗಾಳಿಗೆ ವಹಿಸಿದೆ, ಏಕೆಂದರೆ ಈ ಗಾಳಿಯಲ್ಲಿ ಹಾರುವ ಕೀಟಗಳಿಗೆ ಬದುಕಿಲ್ಲ. ಕಡಿದಾದ ಬಂಡೆಯ ಅಂಚಿನಲ್ಲಿ ಅಂಥದೊಂದು ಗಿಡವನ್ನು ಮಾರ್ಗದರ್ಶಕಿ ತೋರಿಸಿದಳು. ಬಗ್ಗಿ ನೋಡಿದರೆ ಎಲೆಯ ಬುಡದಲ್ಲಿ ಕಂದು ಬಣ್ಣದ ನೊಣವೊಂದು ತೆವಳುತ್ತಿತ್ತು. ಅದಕ್ಕೆ ರೆಕ್ಕೆಗಳಿರಬೇಕಾದ ಜಾಗದಲ್ಲಿ ಬರೀ ಚೂರು ಮೊಟಕುಗಳು. ನಡೆದೇ ಬದುಕುವ ನೊಣ ಇದು. ಹಾರಿದ ಪೂರ್ವಜರನ್ನೆಲ್ಲ ಗಾಳಿ ಕಡಲಿಗೆ ಎಸೆದಿರಬೇಕು. ಗಿಡವಿದ್ದ ಜಾಗವನ್ನೂ ಗಮನಿಸಿದೆ: ಹೊರಗಿನಿಂದ ತಂದು ಬಿಟ್ಟ ಮೊಲಗಳು ಹತ್ತಲಾಗದ ಬಂಡೆಯ ಮೇಲೆ ಮಾತ್ರ ಕೋಸಿತ್ತು, ಕೆಳಗಿನ ಇಳಿಜಾರಿನಲ್ಲಿ ಒಂದೂ ಇರಲಿಲ್ಲ.

1840ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್‌ನ ಎರಡು ಹಡಗುಗಳು ಇದೇ ಕೊಲ್ಲಿಯಲ್ಲಿ ಚಳಿಗಾಲದ 68 ದಿನ ತಂಗಿದ್ದವು. ಅದರಲ್ಲಿ 45 ದಿನ ಬಿರುಗಾಳಿ ಇತ್ತೆಂದು ದಾಖಲಾಗಿದೆ. ಆ ಹಡಗಿನಲ್ಲಿ ಜೋಸೆಫ್ ಡಾಲ್ಟನ್ ಹೂಕರ್ ಎಂಬ ಇಪ್ಪತ್ತಮೂರರ ಹರೆಯದ ಸಸ್ಯವಿಜ್ಞಾನಿ ಇದ್ದ. ಹೆಪ್ಪುಗಟ್ಟಿದ ಪಾಚಿಯನ್ನು ಬಂಡೆಯಿಂದ ಬಿಡಿಸಿ ಸಂಗ್ರಹಿಸುತ್ತಿದ್ದ ಈತನೇ ಮುಂದೆ ಭಾರತದ ಸಸ್ಯಸಂಪತ್ತಿನ ಏಳು ಸಂಪುಟಗಳನ್ನು ಸಿದ್ಧಪಡಿಸಿದ. ನಮ್ಮ ಮಲೆನಾಡಿನ ಗಿಡಗಳ ಹೆಸರಿನ ಕೊನೆಯಲ್ಲಿ ಕಾಣುವ ಹೂಕರ್ ಇವನೇ. ಒಂದೂ ಮರವಿಲ್ಲದ ಈ ದಡದಲ್ಲಿ ಅವನಿಗೆ ಕಲ್ಲಾದ ಮರದ ಕಾಂಡಗಳು ಸಿಕ್ಕವು, ಕಲ್ಲಿದ್ದಲ ಪದರಗಳೂ ಸಿಕ್ಕವು.

ಆ ಮರಗಳ ಹಿಂದಿನ ಕಥೆ ಭೂವಿಜ್ಞಾನಿಗಳಿಗೆ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕೆರ್ಗೆಲೆನ್ ಎಂಬುದು ಸಮುದ್ರದೊಳಗಿನ ಬೃಹತ್ ಪ್ರಸ್ಥಭೂಮಿಯೊಂದರ ನೀರ ಮೇಲಿನ ತುಣುಕು. ಆ ಪ್ರಸ್ಥಭೂಮಿ ಎರಡು ಸಾವಿರ ಕಿಲೋಮೀಟರಿಗೂ ಉದ್ದವಾಗಿ ಅಂಟಾರ್ಕ್ಟಿಕಾದ ಕಡೆಗೆ ಚಾಚಿದೆ. ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ದ್ವೀಪವೂ ಅದರ ಮೇಲೇ ಇದೆ. ಭೂಗರ್ಭದ ಆಳದಿಂದ ಮೇಲೆದ್ದ ಬಿಸಿ ಬಂಡೆಯ ಬುಗ್ಗೆಯೊಂದು ಸುಮಾರು ಹನ್ನೆರಡು ಕೋಟಿ ವರ್ಷಗಳ ಹಿಂದೆ ಇದನ್ನು ಕಟ್ಟತೊಡಗಿತು. ಆಗ ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಒಂದನ್ನೊಂದು ಬಿಟ್ಟು ಸರಿಯತೊಡಗಿದ್ದ ಕಾಲ. ಜಾರ್ಖಂಡದ ರಾಜಮಹಲ್ ಬೆಟ್ಟಗಳ ಲಾವಾ ಅದೇ ಕಾಲದ್ದು, ಅದೇ ಬುಗ್ಗೆಯ ನಂಟಿನದೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಭಾರತ ಉತ್ತರಕ್ಕೆ ಸರಿದಂತೆ ಬುಗ್ಗೆ ಸಾಗರತಳದಲ್ಲಿ ಎಳೆದ ಗೆರೆಯೇ ಬಂಗಾಳ ಕೊಲ್ಲಿಯಿಂದ ದಕ್ಷಿಣಕ್ಕೆ ಸಾಗುವ ‘ತೊಂಬತ್ತು ಪೂರ್ವ’ ಪರ್ವತಸಾಲು. ಪ್ರಸ್ಥಭೂಮಿಯ ಕೆಲವು ಭಾಗಗಳು ಒಂದು ಕಾಲಕ್ಕೆ ನೀರ ಮೇಲೆದ್ದು ಕಾಡು ಬೆಳೆಸಿದ್ದವು. ಸಾಗರತಳ ಕೊರೆದಾಗ ಸಿಕ್ಕ ಮರದ ಚೂರುಗಳು ಅದಕ್ಕೆ ಸಾಕ್ಷಿ. ಈಗಿನ ದ್ವೀಪಗಳ ಲಾವಾ ಸುಮಾರು ನಾಲ್ಕು ಕೋಟಿ ವರ್ಷಗಳಿಂದ ಈಚಿನದು.

ಮಂಗಳವಾರ, ಪೋರ್-ಓ-ಫ್ರಾನ್ಸೆ

ದ್ವೀಪದ ಪೂರ್ವಕ್ಕೆ ಸುತ್ತಿಕೊಂಡು ಮೊರ್ಬಿಯಾನ್ ಕೊಲ್ಲಿಯ ಬಾಯಿಗೆ ಬಂದೆವು. ದ್ವೀಪಗಳ ಏಕೈಕ ವಸತಿಯಾದ ಸಂಶೋಧನಾ ಕೇಂದ್ರ ಪೋರ್-ಓ-ಫ್ರಾನ್ಸೆ ಇಲ್ಲಿದೆ. ಬೇಸಿಗೆಯಲ್ಲಿ ನೂರರ ಆಸುಪಾಸು, ಚಳಿಗಾಲದಲ್ಲಿ ಅದರ ಅರ್ಧದಷ್ಟು ಜನ. ಹುಟ್ಟಿ ಬೆಳೆದವರು ಒಬ್ಬರೂ ಇಲ್ಲ. ಎಲ್ಲರೂ ಆರು ತಿಂಗಳಿಗೋ ವರ್ಷಕ್ಕೋ ಬಂದು ಹೋಗುವವರು. ಗಡಿಯಾರ ಭಾರತಕ್ಕಿಂತ ಅರ್ಧ ತಾಸು ಮಾತ್ರ ಹಿಂದೆ.

ಊರು ಎನ್ನುವುದಕ್ಕಿಂತ ಶೆಡ್ಡುಗಳ ಗುಂಪು ಎನ್ನುವುದೇ ಸರಿ. ಜಾಗ ಆರಿಸಿದ್ದಕ್ಕೂ ಒಂದು ಲೆಕ್ಕಾಚಾರವಿತ್ತು. 1950ರ ಸುಮಾರಿಗೆ ಬಂದವರು ಇಲ್ಲಿನ ಸಮತಟ್ಟು ನೆಲ ನೋಡಿ ವಿಮಾನಪಟ್ಟಿ ಮಾಡಬಹುದೆಂದು ಎಣಿಸಿದ್ದರು. ಪಟ್ಟಿ ಆಗಲೇ ಇಲ್ಲ; ಗಾಳಿಗೆ ಮರೆಯೇ ಇಲ್ಲದ ಬಯಲಿನಲ್ಲಿ ಊರು ಉಳಿದುಕೊಂಡಿತು. ಹಡಗಿನಿಂದ ದಡಕ್ಕೆ ಕಡಲ ಮೇಲೆ ತೇಲುವ ಕೊಳವೆ ಎಳೆದು ವರ್ಷಕ್ಕೆ ಬೇಕಾದ ಡೀಸೆಲನ್ನು ಪಂಪ್ ಮಾಡುತ್ತಾರೆ. ಆ ಕೆಲಸ ನಡೆಯುವಷ್ಟು ಹೊತ್ತು ದೋಣಿಯಲ್ಲಿ ಇಬ್ಬರು ಕೊಳವೆಯ ಉದ್ದಕ್ಕೂ ಓಡಾಡುತ್ತ ಜೋಡಣೆಗಳನ್ನು ಮುಟ್ಟಿ ನೋಡುತ್ತಿದ್ದರು.

ಬುಧವಾರ, ಪೋರ್-ಜಾನ್-ದಾರ್ಕ್

ಬೆಳಿಗ್ಗೆ ಗಾಳಿ ಬಿದ್ದಿತ್ತು. ಕೊಲ್ಲಿಯ ಇನ್ನೊಂದು ತುದಿಗೆ ಹೆಲಿಕಾಪ್ಟರಿನಲ್ಲಿ ಹತ್ತೇ ನಿಮಿಷದ ಹಾದಿ. ಕೆಳಗೆ ಹತ್ತಾರು ದ್ವೀಪಗಳು, ನೈರುತ್ಯಕ್ಕೆ 1,850 ಮೀಟರ್ ಎತ್ತರದ ರಾಸ್ ಶಿಖರದ ಬುಡ, ತಲೆ ಮೋಡದಲ್ಲಿ. ಈ ಶಿಖರವನ್ನು ಮನುಷ್ಯರು ಮೊದಲು ಏರಿದ್ದು 1975ರಲ್ಲಿ, ಎವರೆಸ್ಟ್ ಏರಿ ಇಪ್ಪತ್ತೆರಡು ವರ್ಷಗಳಾದ ಮೇಲೆ.

1893ರಲ್ಲಿ ಫ್ರಾನ್ಸ್ ಈ ದ್ವೀಪಗಳ ಮೇಲಿನ ಹಕ್ಕನ್ನು ಮತ್ತೆ ಸಾರಿತು. ಅದೇ ವರ್ಷ ಲ ಹಾವ್ರ್ ಪಟ್ಟಣದ ಆನ್ರಿ ಮತ್ತು ರೆನೆ ಬೊಸಿಯೇರ್ ಎಂಬ ಅಣ್ಣತಮ್ಮಂದಿರು ಐವತ್ತು ವರ್ಷಗಳ ಗುತ್ತಿಗೆ ಪಡೆದರು. ಅವರಿಂದ ಪರವಾನಗಿ ಪಡೆದ ನಾರ್ವೆಯ ಕಂಪನಿ 1908ರಲ್ಲಿ ಕಟ್ಟಿದ ತಿಮಿಂಗಿಲದ ಕಾರ್ಖಾನೆ ಇದು. ಕೆಲವು ಮರದ ಮನೆಗಳನ್ನು ದುರಸ್ತಿ ಮಾಡಿ ನಿಲ್ಲಿಸಿದ್ದಾರೆ, ಉಳಿದದ್ದೆಲ್ಲ ತುಕ್ಕು. ಆಳೆತ್ತರದ ಕಬ್ಬಿಣದ ಬೇಯಿಸುವ ಹಂಡೆಗಳು ಬದಿಗೆ ಬಿದ್ದು ಬಾಯಿ ತೆರೆದಿವೆ. ಒಂದರೊಳಗೆ ಇಣುಕಿದರೆ ಗೋಡೆಗೆ ಹಪ್ಪಳದಂತೆ ಎದ್ದ ತುಕ್ಕಿನ ಪದರ, ತಳದಲ್ಲಿ ಮಳೆನೀರು, ನೀರಿನಂಚಿಗೆ ಪೆಟ್ರೆಲ್ ಹಕ್ಕಿಯ ಒಂದು ರೆಕ್ಕೆ. ಬೆಕ್ಕಿನ ಕೆಲಸ ಎಂದು ಮಾರ್ಗದರ್ಶಕಿ ಹೇಳಿದಳು.

ತಿಮಿಂಗಿಲಗಳು ಬೇಗ ವಿರಳವಾದವು. ಕಾರ್ಖಾನೆ ಆನೆಸೀಲ್‌ಗಳತ್ತ ತಿರುಗಿ, ನಿಂತು, ಮತ್ತೆ ಶುರುವಾಗಿ, 1920ರ ದಶಕದಲ್ಲಿ ಶಾಶ್ವತವಾಗಿ ಮುಚ್ಚಿತು. ಎದುರಿನ ಲೋಂಗ್ ದ್ವೀಪದಲ್ಲಿ ಬಹಳ ವರ್ಷ ಕೇಂದ್ರದ ಊಟಕ್ಕಾಗಿ ಕುರಿ ಸಾಕುತ್ತಿದ್ದರು. ಪಕ್ಕದ ಓತ್ ದ್ವೀಪಕ್ಕೆ 1957ರಲ್ಲಿ ಒಂದೇ ಒಂದು ಜೋಡಿ ಮೂಫ್ಲಾನ್ ಕಾಡುಕುರಿಗಳನ್ನು ತಂದು ಬಿಟ್ಟಿದ್ದರು. ಅವು ನೂರಾರಾಗಿ ಹುಲ್ಲು ಮುಗಿಸಿದವು. ಅವುಗಳನ್ನು ಪೂರ್ತಿ ತೆಗೆದುಹಾಕಿದ್ದು 2012ರಲ್ಲಿ. 1955ರಲ್ಲಿ ತಂದ ಹಿಮಸಾರಂಗಗಳು ದೊಡ್ಡ ದ್ವೀಪಕ್ಕೆ ಈಜಿ ದಾಟಿ ಇಂದಿಗೂ ಅಲ್ಲಿ ಮೇಯುತ್ತಿವೆ.

ಗುರುವಾರ, ಗಾಳಿ

ಇಡೀ ದಿನ ಯಾವ ವಾಹನವೂ ಹೊರಡಲಿಲ್ಲ. ಗಾಳಿಯ ವೇಗ ಗಂಟೆಗೆ 120 ಕಿಲೋಮೀಟರ್ ದಾಟಿದಾಗ ಶೆಡ್ಡಿನಿಂದ ಶೆಡ್ಡಿಗೆ ಹೋಗಲೂ ಹಗ್ಗ ಹಿಡಿಯಬೇಕಾಗುತ್ತದೆ. ಇಲ್ಲಿ 150 ಮುಟ್ಟುವುದೂ ಅಪರೂಪವಲ್ಲ ಎಂದರು. ಗಾಳಿಯ ಮಾತೆ ಮೇರಿಯ ಹೆಸರಿನ ಪುಟ್ಟ ಚರ್ಚಿನ ಗೋಡೆಗೆ ಒರಗಿ ನಿಂತರೆ ಕಾಂಕ್ರೀಟು ನಡುಗುವುದು ಬೆನ್ನಿಗೆ ತಿಳಿಯುತ್ತದೆ. ಅಂಚೆ ಕಚೇರಿಯಲ್ಲಿ ದ್ವೀಪಗಳದೇ ಅಂಚೆಚೀಟಿ ಕೊಂಡು ಕಾಗದ ಬರೆದೆವು. ಅವು ನಮ್ಮದೇ ಹಡಗಿನಲ್ಲಿ ನಮ್ಮೊಂದಿಗೇ ರಿಯೂನಿಯನ್‌ಗೆ ಬರುತ್ತವೆ.

ಜೀವವಿಜ್ಞಾನದ ಪ್ರಯೋಗಾಲಯದಲ್ಲಿ ಮೊಲಗಳ ಕಥೆ ಪೂರ್ತಿಯಾಗಿ ಸಿಕ್ಕಿತು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯ್ದುಹೋಯಿತು. ಅದನ್ನು ಭೂಮಿಯ ದೂರದೂರದ ಜಾಗಗಳಿಂದ ಅಳೆದರೆ ಸೂರ್ಯನ ದೂರ ಲೆಕ್ಕಹಾಕಬಹುದೆಂದು ಬ್ರಿಟಿಷ್, ಜರ್ಮನ್, ಅಮೆರಿಕನ್ ತಂಡಗಳು ಮೂರೂ ಕೆರ್ಗೆಲೆನ್‌ಗೆ ದೂರದರ್ಶಕ ಹೊತ್ತು ಬಂದವು. ಬ್ರಿಟಿಷರ ನಾಯಕ ಸ್ಟೀಫನ್ ಪೆರಿ ಎಂಬ ಜೆಸ್ವಿಟ್ ಪಾದ್ರಿ. ಅದೇ ಸಂಕ್ರಮಣದ ಬಗ್ಗೆ ಮದರಾಸಿನ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಆ ವರ್ಷ ಜನಸಾಮಾನ್ಯರಿಗಾಗಿ ಪುಸ್ತಿಕೆ ಬರೆದಿದ್ದರು. ಆಕಾಶ ನೋಡಲು ಬಂದ ಬ್ರಿಟಿಷ್ ತಂಡ, ಮುಂದೆ ಹಡಗೊಡೆದು ಇಲ್ಲಿ ಸಿಕ್ಕಿಕೊಳ್ಳುವವರಿಗೆ ಆಹಾರವಾಗಲೆಂದು ದಕ್ಷಿಣ ಆಫ್ರಿಕಾದಿಂದ ತಂದ ಮೊಲಗಳನ್ನು ಬಿಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಹಡಗೊಡೆದವರ ಜೀವ ಉಳಿಸಬಲ್ಲ ಆಹಾರ ಆಗಲೇ ಇಲ್ಲಿತ್ತು, ಅದನ್ನೇ ಮೊಲಗಳು ತಿಂದವು. ಕೋಸು ದೊಡ್ಡ ದ್ವೀಪದ ಬಯಲಿನಿಂದ ಮಾಯವಾಯಿತು. ನೆಲಕ್ಕೆ ಮೆತ್ತೆಯಂತೆ ಹರಡುತ್ತಿದ್ದ ಅಜೊರೆಲ್ಲ ಹರಿದುಹೋಗಿ ಮಣ್ಣು ಗಾಳಿಗೆ ಹಾರಿತು.

ಇಲಿಗಳನ್ನು ಹಿಡಿಯಲೆಂದು 1950ರ ದಶಕದಲ್ಲಿ ಕೇಂದ್ರಕ್ಕೆ ತಂದ ಬೆಕ್ಕುಗಳು ಕಾಡು ಸೇರಿ, ಮೊಲವನ್ನೂ ಬಿಲದಲ್ಲಿ ಗೂಡುಕಟ್ಟುವ ಪೆಟ್ರೆಲ್‌ಗಳನ್ನೂ ತಿಂದು ಹೆಚ್ಚಿದವು. ಹಾಗಾದರೆ ಮೊಲ ತೆಗೆದರೆ ಮುಗಿಯಿತಲ್ಲ ಎಂದು ಕೇಳಿದೆ. 1990ರ ದಶಕದಲ್ಲಿ ಕೊಲ್ಲಿಯ ಮೂರು ಚಿಕ್ಕ ದ್ವೀಪಗಳಲ್ಲಿ ಅದನ್ನೇ ಮಾಡಿ ನೋಡಿದ್ದಾರೆ. ಮೊಲ ಹೋಯಿತು, ಹಳೆಯ ಸಸ್ಯಲೋಕ ಹಾಗೆಯೇ ಮರಳಲಿಲ್ಲ. ಅಷ್ಟು ಹೊತ್ತಿಗೆ ಬೇಸಿಗೆಗಳು ಬೆಚ್ಚಗಾಗಿ ಒಣಗಿದ್ದವು. ಸ್ಥಳೀಯ ಗಿಡಗಳು ಬಾಡಿದ ಜಾಗವನ್ನು ಯುರೋಪಿನಿಂದ ಬಂದ ಡ್ಯಾಂಡಿಲಿಯನ್ ಮತ್ತು ಹುಲ್ಲುಗಳು ಹಿಡಿದವು. ನನ್ನ ಚೀಲದಿಂದ ಬೀಜ ಹೆಕ್ಕಿದವರ ಚಿಮಟಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ. ಪಶ್ಚಿಮದ ಕುಕ್ ಹಿಮಹಾಸೂ ಅದೇ ಕಾಲದಲ್ಲಿ ಕುಗ್ಗಿದೆ: 1963ರಲ್ಲಿ 501 ಚದರ ಕಿಲೋಮೀಟರ್ ಇದ್ದದ್ದು 2001ಕ್ಕೆ 403ಕ್ಕೆ ಇಳಿದಿತ್ತು.

ಕೇಂದ್ರದ ಇನ್ನೊಂದು ಮುಖ ಆಕಾಶದ ಕಡೆಗಿದೆ. ಉಪಗ್ರಹಗಳ ಸಂಕೇತ ಹಿಡಿಯುವ ಕೇಂದ್ರ ಇಂದಿಗೂ ನಡೆಯುತ್ತಿದೆ. 1975ರಲ್ಲಿ ಫ್ರೆಂಚರು ಮತ್ತು ಸೋವಿಯತ್ ವಿಜ್ಞಾನಿಗಳು ಕೂಡಿ ‘ಅರಾಕ್ಸ್’ ಎಂಬ ಪ್ರಯೋಗದಲ್ಲಿ ಇಲ್ಲಿಂದ ರಾಕೆಟ್ ಹಾರಿಸಿ ಎಲೆಕ್ಟ್ರಾನ್‌ಗಳ ಕಿರಣ ಬಿಟ್ಟರು. ಭೂಮಿಯ ಕಾಂತಕ್ಷೇತ್ರದ ರೇಖೆ ಕೆರ್ಗೆಲೆನ್‌ನಿಂದ ಎದ್ದು, ಬಾಹ್ಯಾಕಾಶದಲ್ಲಿ ಬಾಗಿ, ರಷ್ಯಾದ ಉತ್ತರದ ಸೋಗ್ರ ಎಂಬ ಹಳ್ಳಿಯ ಬಳಿ ಇಳಿಯುತ್ತದೆ. ಕಿರಣ ಆ ದಾರಿಯಲ್ಲೇ ಹೋಗಿ ತಲುಪಿತೇ ಎಂದು ಅಲ್ಲಿ ಉಪಕರಣಗಳನ್ನಿಟ್ಟು ಕಾದಿದ್ದರು.

ಶುಕ್ರವಾರ, ರಾತ್ಮನೋಫ್ ಭೂಶಿರ

ಸೌರಾಷ್ಟ್ರದ ಸೋಮನಾಥ ದೇವಾಲಯದ ಆವರಣದಲ್ಲಿ ಕಡಲಿಗೆ ಮುಖಮಾಡಿದ ಬಾಣಸ್ತಂಭವೊಂದಿದೆ. ಅಲ್ಲಿಂದ ದಕ್ಷಿಣ ಧ್ರುವದವರೆಗಿನ ಸಮುದ್ರಮಾರ್ಗದಲ್ಲಿ ಯಾವ ಅಡ್ಡಿಯೂ ಇಲ್ಲವೆಂದು ಅದರ ಮೇಲಿನ ಬರಹ ಸಾರುತ್ತದೆ. ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಮಾತು ಬಹುಪಾಲು ನಿಜ. ಅರಬ್ಬೀ ಸಮುದ್ರ, ಸಮಭಾಜಕ, ಅದರಾಚೆಯ ಸಾವಿರಾರು ಕಿಲೋಮೀಟರ್ ನೀರು, ಎಲ್ಲಿಯೂ ನೆಲವಿಲ್ಲ. ನಲವತ್ತೊಂಬತ್ತು ಡಿಗ್ರಿ ದಕ್ಷಿಣದಲ್ಲಿ ಮಾತ್ರ ಆ ಗೆರೆ ಕೆರ್ಗೆಲೆನ್‌ನ ಪೂರ್ವದ ಕೂರ್ಬೆ ಪರ್ಯಾಯದ್ವೀಪಕ್ಕೆ ತಗಲುತ್ತದೆ, ನಾವು ಈ ಬೆಳಿಗ್ಗೆ ಇಳಿದ ದಂಡೆಯ ಸಮೀಪದಲ್ಲೇ.

ಕಪ್ಪು ಮರಳಿನ ಉದ್ದನೆಯ ದಂಡೆ. ಅದರ ಮೇಲೆ ಕಣ್ಣಿಗೆ ಕಾಣುವಷ್ಟು ದೂರ ಕಿಂಗ್ ಪೆಂಗ್ವಿನ್‌ಗಳು. ಲೆಕ್ಕಕ್ಕೆ ಸಿಗದ ಸದ್ದು, ಅದಕ್ಕಿಂತ ಮೊದಲು ಮೂಗಿಗೆ ಬರುವ ನಾತ. ದೊಡ್ಡವುಗಳಿಗಿಂತ ದಪ್ಪಗೆ ಕಾಣುವ ಕಂದು ತುಪ್ಪಳದ ಮರಿಗಳು ಗುಂಪಾಗಿ ನಿಂತಿದ್ದವು. ಕಿಂಗ್ ಪೆಂಗ್ವಿನ್ ಮರಿ ಬೆಳೆಯಲು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಅವು ಚಳಿಗಾಲವನ್ನು ಇಲ್ಲೇ ಅರೆಹೊಟ್ಟೆಯಲ್ಲಿ ದಾಟುತ್ತವೆ. ಕಡಲಿನಿಂದ ಬಂದ ತಾಯಿಯೊಂದು ಕತ್ತು ನೀಳಮಾಡಿ ಕೂಗಿತು. ಹತ್ತಿರದ ಹತ್ತು ಮರಿಗಳು ಮಿಸುಕಲಿಲ್ಲ, ಎಲ್ಲೋ ಹಿಂದಿದ್ದ ಒಂದು ಮಾತ್ರ ಉಳಿದವನ್ನು ತಳ್ಳಿಕೊಂಡು ಓಡಿಬಂತು. ನಡುನಡುವೆ ಆನೆಸೀಲ್‌ನ ಮರಿಗಳು ಬಿದ್ದುಕೊಂಡಿದ್ದವು. ಹಾಲು ಬಿಡಿಸಿ ತಾಯಿ ಹೋದ ಮೇಲೆ ಮೈಯ ಕೊಬ್ಬನ್ನೇ ಕರಗಿಸುತ್ತ ವಾರಗಟ್ಟಲೆ ಮಲಗುವ ಈ ಗುಂಡು ಮರಿಗಳನ್ನು ಇಲ್ಲಿಯವರು ‘ಬೊಂಬೊಂ’, ಅಂದರೆ ಮಿಠಾಯಿ ಎನ್ನುತ್ತಾರೆ. ಜನಾನಾ ಕಾಯುವ ದೊಡ್ಡ ಗಂಡಿಗೆ ‘ಪಾಶಾ’.

ಸೀಲ್ ಕೊಂದು ಕೊಬ್ಬು ಬೇಯಿಸಿದವರ ಕಾಲ ಮುಗಿದು ಬಹಳವಾಗಿಲ್ಲ. ಪೋರ್-ಓ-ಫ್ರಾನ್ಸೆಯಲ್ಲೇ 1950ರ ದಶಕದಲ್ಲಿ ಅಂಥದೊಂದು ಕಾರ್ಖಾನೆ ಇತ್ತು. ಈಗ ದ್ವೀಪಗಳ ದುಡಿಮೆ ನೀರಿನಾಳದ ಟೂತ್‌ಫಿಶ್ ಮೀನಿನಿಂದ. 1990ರ ದಶಕದಲ್ಲಿ ಕಳ್ಳ ಮೀನುಗಾರರು ಅದನ್ನು ಖಾಲಿ ಮಾಡುವ ಹಂತಕ್ಕೆ ಬಂದಾಗ ನೌಕಾಪಡೆ ಕಾವಲಿಗೆ ನಿಂತಿತು. 2006ರಲ್ಲಿ ರಾಷ್ಟ್ರೀಯ ಮೀಸಲು ಪ್ರದೇಶವಾಯಿತು, 2019ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಶನಿವಾರ, ಪೋರ್-ಕೂವ್ರೆ

ಉತ್ತರಕ್ಕೆ ಹೊರಟ ಹಡಗು ಗಜೆಲ್ ಎಂಬ ಒಳಗೊಲ್ಲಿಯ ದಿಕ್ಕನ್ನು ಬಿಟ್ಟು ಸಾಗಿತು. 1940ರ ಡಿಸೆಂಬರಿನಲ್ಲಿ ವ್ಯಾಪಾರಿ ಹಡಗಿನ ವೇಷ ತೊಟ್ಟ ಜರ್ಮನ್ ಯುದ್ಧನೌಕೆ ‘ಅಟ್ಲಾಂಟಿಸ್’ ನಕ್ಷೆಯಲ್ಲಿಲ್ಲದ ಬಂಡೆಗೆ ತಾಗಿ, ಅಲ್ಲಿ ಅಡಗಿ ರಿಪೇರಿ ಮಾಡಿಕೊಂಡು ಜಲಪಾತದಿಂದ ಕುಡಿಯುವ ನೀರು ತುಂಬಿಸಿಕೊಂಡಿತು. ಹೊಗೆಕೊಳವೆಗೆ ಬಣ್ಣ ಬಳಿಯುತ್ತ ಬಿದ್ದು ಸತ್ತ ಅದರ ನಾವಿಕನ ಸಮಾಧಿ ಈಗಲೂ ಇದೆ. ಮರುವರ್ಷ ಆಸ್ಟ್ರೇಲಿಯಾದ ಯುದ್ಧನೌಕೆ ಬಂದು, ಶತ್ರು ಮತ್ತೆ ತಂಗಬಾರದೆಂದು ಇಲ್ಲಿನ ನೀರಿನಲ್ಲಿ ಸಿಡಿಗುಂಡುಗಳನ್ನು ಹೂತು ಹೋಯಿತು.

ಪೋರ್-ಕೂವ್ರೆಯಲ್ಲಿ ನಾವು ದಡಕ್ಕಿಳಿದದ್ದು ಒಂದೇ ಗಂಟೆ. ಬೊಸಿಯೇರ್ ಸಹೋದರರ ಮುಖ್ಯ ಕನಸು ತಿಮಿಂಗಿಲವಲ್ಲ, ಕುರಿ. ಫಾಕ್‌ಲೆಂಡ್‌ನಲ್ಲಿ ಬದುಕುವ ಕುರಿ ಅದೇ ಚಳಿಯ ಕೆರ್ಗೆಲೆನ್‌ನಲ್ಲೂ ಬದುಕೀತೆಂಬ ತರ್ಕದ ಮೇಲೆ 1912ರಲ್ಲಿ ಸಾವಿರದಷ್ಟು ಕುರಿ ತಂದರು. ಯುದ್ಧ ಬಂದು ಜನ ಹೊರಟುಹೋದರು, ಕುರಿಗಳು ಸತ್ತವು. 1920ರ ದಶಕದ ಕೊನೆಯಲ್ಲಿ ಮತ್ತೆ ಪ್ರಯತ್ನ. ಈ ಸಲ ಹೆಂಡತಿ ಮಕ್ಕಳ ಸಮೇತ ಕುಟುಂಬಗಳು ಬಂದವು. ಹುಲ್ಲು ಸಾಲಲಿಲ್ಲ, ಹಡಗು ಹೇಳಿದ ಹೊತ್ತಿಗೆ ಬರಲಿಲ್ಲ. 1931ರಲ್ಲಿ ಉಳಿದವರನ್ನು ಕರೆದೊಯ್ದರು. ಮನೆಗಳ ಹಲಗೆಗಳು ಒಂದೊಂದಾಗಿ ಕಳಚಿವೆ. ದಿನ್ನೆಯ ಮೇಲೆ ಇಲ್ಲಿ ತೀರಿಕೊಂಡವರ ಸಮಾಧಿಗಳು. ಸುತ್ತಲೂ ಮೊಲದ ಬಿಲಗಳು.

ಅದರ ಮುಂದಿನ ಮಂಗಳವಾರ, ಸೇಂಟ್ ಪಾಲ್

ಈಶಾನ್ಯಕ್ಕೆ ಮೂರು ದಿನ ಸಾಗಿದ ಮೇಲೆ ಗಾಳಿ ಬೆಚ್ಚಗಾಯಿತು. ಸೇಂಟ್ ಪಾಲ್ ದ್ವೀಪ ಉಪ-ಅಂಟಾರ್ಕ್ಟಿಕ್ ವಲಯದ ಹೊರಗಿದೆ, ಆದರೂ ಅದರ ಇತಿಹಾಸವನ್ನು ಕೆರ್ಗೆಲೆನ್‌ನಿಂದ ಬೇರ್ಪಡಿಸಿ ಹೇಳಲಾಗದು. ಇದೊಂದು ಅಗ್ನಿಪರ್ವತದ ಬಾಯಿ. ಒಂದು ಪಕ್ಕದ ಗೋಡೆ ಒಡೆದು ಸಮುದ್ರ ಒಳಗೆ ಬಂದಿದೆ. ಕೆರ್ಗೆಲೆನ್‌ನಲ್ಲಿ ಕುರಿ ಸಾಕಲು ಹೋದ ಬೊಸಿಯೇರ್‌ಗಳೇ ಇಲ್ಲಿ ಕಲ್ಲುಸಿಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಕಟ್ಟಿದರು. 1930ರ ಮಾರ್ಚಿನಲ್ಲಿ ಹಂಗಾಮು ಮುಗಿದು ಕೆಲಸಗಾರರು ಹೊರಟಾಗ ಯಂತ್ರಗಳ ಕಾವಲಿಗೆ ಏಳು ಮಂದಿಯನ್ನು ಉಳಿಸಿಹೋದರು. ಅವರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ. ಕೆಲವೇ ತಿಂಗಳಲ್ಲಿ ಬರುತ್ತೇವೆಂದಿದ್ದ ಹಡಗು ಬಂದದ್ದು ಡಿಸೆಂಬರಿನಲ್ಲಿ. ಹುಟ್ಟಿದ ಮಗು ಬದುಕಲಿಲ್ಲ. ಮೂವರು ಪೋಷಕಾಂಶಗಳಿಲ್ಲದೆ ಕಾಯಿಲೆ ಬಿದ್ದು ತೀರಿಕೊಂಡರು, ಒಬ್ಬ ದೋಣಿಯಲ್ಲಿ ಹೋದವನು ಮರಳಲಿಲ್ಲ. ಬದುಕಿ ಉಳಿದವರು ಆ ತಾಯಿ ಮತ್ತು ಇಬ್ಬರು ಗಂಡಸರು.

ಡಬ್ಬಿ ಕಾರ್ಖಾನೆಯ ಕಲ್ಲಿನ ಅಡಿಪಾಯವನ್ನು ದೂರದರ್ಶಕದಲ್ಲಿ ನೋಡಿದೆವು. 1997ರಲ್ಲಿ ಇಲ್ಲಿನ ಹೆಗ್ಗಣಗಳನ್ನು ನಿರ್ಮೂಲ ಮಾಡಿದ ಮೇಲೆ, ಎದುರಿನ ಬಂಡೆಯೊಂದರ ಮೇಲಷ್ಟೇ ಉಳಿದಿದ್ದ ಪ್ರಿಯಾನ್ ಹಕ್ಕಿಗಳು ಮತ್ತೆ ದ್ವೀಪಕ್ಕೆ ಬಂದು ಗೂಡುಕಟ್ಟುತ್ತಿವೆ. ವಿಜ್ಞಾನಿಗಳಿಗೂ ವಿಶೇಷ ಅನುಮತಿ ಬೇಕಾದ ಈ ದ್ವೀಪದಲ್ಲಿ ನಮ್ಮನ್ನು ಇಳಿಸುವ ಪ್ರಶ್ನೆಯೇ ಇರಲಿಲ್ಲ. ಕಪ್ತಾನ ಕುಳಿಯ ಬಾಯಿಯ ಎದುರು ಹಡಗನ್ನು ಅರ್ಧ ಗಂಟೆ ನಿಲ್ಲಿಸಿ, ಸಂಜೆಯೊಳಗೆ ಆಮ್ಸ್ಟರ್‌ಡ್ಯಾಮ್ ದ್ವೀಪದ ಸರಬರಾಜು ಶುರುಮಾಡಬೇಕೆಂದು ಉತ್ತರಕ್ಕೆ ತಿರುಗಿಸಿದ.